ಕೀಲಿ ತೆಗೆಯುವುದು ಎಡಗೈ!

‘ಟೆನ್ಷನ್ ತಗೋಬ್ಯಾಡ’ ಎಂಬ ಮಾತನ್ನು ನಾವು ಹುಬ್ಬಳ್ಳಿಯವರು ದಿನಕ್ಕೆ ಎಷ್ಟು ಸಲ ಕೇಳುತ್ತೇವೋ ಲೆಕ್ಕವಿಲ್ಲ. ಇಂಟರ್ನಲ್ಸ್ ಹತ್ತಿರ ಬಂದರೆ ಗೆಳತಿಯರು ಹೇಳುತ್ತಾರೆ. ಚಿಗರಿ ಬಸ್ ತಪ್ಪಿಸಿಕೊಂಡರೆ ಪಕ್ಕದಲ್ಲಿ ನಿಂತ ಅಪರಿಚಿತರೂ ಹೇಳುತ್ತಾರೆ. ಆದರೆ ನನ್ನ ಹವ್ಯಾಸ ನಡೆಯುವುದೇ ಟೆನ್ಷನ್ ಮೇಲೆ. ನಾನು ಕೀಲಿಕೈ ಇಲ್ಲದ ಕೀಲಿಗಳನ್ನು ತೆಗೆಯುತ್ತೇನೆ. ಒಡೆಯುವುದಿಲ್ಲ, ಕೊಯ್ಯುವುದಿಲ್ಲ, ತೆಗೆಯುತ್ತೇನೆ. ಆ ಕೆಲಸಕ್ಕೆ ಬೇಕಾದ ಮುಖ್ಯ ಸಾಮಾನಿನ ಹೆಸರೇ ‘ಟೆನ್ಷನ್ ಟೂಲ್’.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮ ಕಡೆ ‘ಕೀಲಿ’ ಎಂದರೆ ಬೀಗ. ಅದನ್ನು ತೆಗೆಯುವುದು ‘ಕೀಲಿಕೈ’. ಮೊದಲ ಸೆಮಿಸ್ಟರಿನಲ್ಲಿ ಬೆಂಗಳೂರಿನ ರೂಮ್‌ಮೇಟ್ ‘ಕೀಲಿ ಎಲ್ಲಿ?’ ಎಂದಾಗ ನಾನು ಬಾಗಿಲಿಗೆ ತೂಗುತ್ತಿದ್ದ ಬೀಗ ತೋರಿಸುತ್ತಿದ್ದೆ, ಅವಳು ತಲೆ ಚಚ್ಚಿಕೊಳ್ಳುತ್ತಿದ್ದಳು. ಈ ಲೇಖನದ ತುಂಬ ಹುಬ್ಬಳ್ಳಿಯ ಅರ್ಥವೇ ಇರುತ್ತದೆ, ಹೊಂದಿಕೊಳ್ಳಿ.

ಕೀಲಿ ತೆಗೆಯಲು ಎರಡು ಸಾಮಾನು ಬೇಕು. ಬಲಗೈಯಲ್ಲಿ ಒಂದು ಸಣ್ಣ ಕೊಕ್ಕೆ, ಅದಕ್ಕೆ ‘ಪಿಕ್’ ಎನ್ನುತ್ತಾರೆ. ಒಳಗಿನ ತುಂಡುಗಳನ್ನು ಒಂದೊಂದಾಗಿ ಎತ್ತುವುದು ಅದರ ಕೆಲಸ. ಎಡಗೈಯಲ್ಲಿ ಟೆನ್ಷನ್ ಟೂಲ್. ಕೀಲಿಕೈ ತಿರುಗುವ ದಿಕ್ಕಿನಲ್ಲಿ ಸಣ್ಣಗೆ ಒತ್ತಿ ಹಿಡಿಯುವುದು ಅದರ ಕೆಲಸ. ಸಿನಿಮಾದಲ್ಲಿ ಹೀರೊ ಒಂದೇ ಹೇರ್‌ಪಿನ್ನಿನಲ್ಲಿ ಬಾಗಿಲು ತೆಗೆಯುತ್ತಾನಲ್ಲ, ಅವನ ಎಡಗೈ ಏನು ಮಾಡುತ್ತಿರುತ್ತದೆ ನೋಡಿ. ಖಾಲಿ! ಆ ಕೀಲಿ ಜನ್ಮದಲ್ಲಿ ತೆಗೆಯುವುದಿಲ್ಲ.

ಯಾಕೆಂದರೆ ಯಾವ ಕೀಲಿಯೂ ನೂರಕ್ಕೆ ನೂರು ಕರಾರುವಾಕ್ಕಾಗಿ ತಯಾರಾಗುವುದಿಲ್ಲ. ಒಳಗಿನ ತುಂಡುಗಳಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ತಿರುಗುವ ದಿಕ್ಕಿಗೆ ಸ್ವಲ್ಪ ಒತ್ತಿದರೆ ಆ ಒತ್ತಡ ಎಲ್ಲ ತುಂಡುಗಳ ಮೇಲೂ ಸಮನಾಗಿ ಬೀಳುವುದಿಲ್ಲ. ಯಾವುದೋ ಒಂದು ಮೊದಲು ಬಿಗಿಯುತ್ತದೆ. ಅದನ್ನು ಸರಿಯಾದ ಎತ್ತರಕ್ಕೆ ತಂದರೆ ಅಲ್ಲೇ ನಿಲ್ಲುತ್ತದೆ, ಆಮೇಲೆ ಇನ್ನೊಂದು ಬಿಗಿಯುತ್ತದೆ. ಹೀಗೆ ಸರದಿ. ಒತ್ತಡ ಕಡಿಮೆಯಾದರೆ ಎತ್ತಿದ್ದೆಲ್ಲ ಉದುರುತ್ತದೆ. ಹೆಚ್ಚಾದರೆ ಎಲ್ಲವೂ ಒಟ್ಟಿಗೆ ಬಿಗಿದು ಯಾವುದೂ ಅಲುಗುವುದಿಲ್ಲ. ಇವೆರಡರ ನಡುವಿನ ಸಣ್ಣ ಜಾಗದಲ್ಲಿ ಎಡಗೈ ನಿಲ್ಲಬೇಕು.

ರೆಡಿಮೇಡ್ ಸೆಟ್ ಯಾಕೆ ನಡೆಯುವುದಿಲ್ಲ?

ಆನ್‌ಲೈನಿನಲ್ಲಿ ಸಿಗುವ ಪಿಕ್ ಸೆಟ್ಟುಗಳೆಲ್ಲ ಹೆಚ್ಚಾಗಿ ‘ಪಿನ್ ಟಂಬ್ಲರ್’ ಕೀಲಿಗಳಿಗಾಗಿ ಮಾಡಿದವು. ಚಪ್ಪಟೆ ಕೀಲಿಕೈ, ಅದರ ಅಂಚಿಗೆ ಗರಗಸದ ಹಲ್ಲಿನಂಥ ಕಚ್ಚು, ಆ ಜಾತಿ. ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಮಕ್ಕಳು ಮೊಮ್ಮಕ್ಕಳು ಇವು. ಆದರೆ ನಿಮ್ಮ ಮನೆಯ ಟ್ರಂಕಿಗೆ, ಅಂಗಡಿಯ ಬಾಗಿಲಿಗೆ, ಹೊಲದ ಪಂಪ್‌ಸೆಟ್ ಕೋಣೆಗೆ ಹಾಕಿರುವ ಕೀಲಿ ನೋಡಿ. ಅದರ ಮೇಲೆ ‘6 ಲಿವರ್’, ‘7 ಲಿವರ್’ ಎಂದು ಬರೆದಿರುವ ಸಾಧ್ಯತೆಯೇ ಹೆಚ್ಚು. ಅಲಿಗಢದಿಂದ ಬರುವ ಹಿತ್ತಾಳೆ, ಕಬ್ಬಿಣದ ಕೀಲಿಗಳಲ್ಲಿ ಈ ಜಾತಿಯವು ಬಹಳ. ತಮಿಳುನಾಡಿನ ದಿಂಡಿಗಲ್‌ನಲ್ಲಿ ಕೈಯಲ್ಲೇ ಮಾಡುವ, 2019ರಲ್ಲಿ ಜಿಐ ಮಾನ್ಯತೆ ಪಡೆದ ಪ್ರಸಿದ್ಧ ಕೀಲಿಗಳೂ ಲಿವರ್ ಮನೆತನದವೇ. ಅದರಲ್ಲಿ ಮಾವಿನಕಾಯಿ ಆಕಾರದ್ದೂ ಒಂದಿದೆ!

ಲಿವರ್ ಎಂದರೆ ಒಂದರ ಮೇಲೊಂದು ಜೋಡಿಸಿದ ತೆಳು ಪಟ್ಟಿಗಳು. ಪ್ರತಿ ಪಟ್ಟಿಯಲ್ಲೂ ಒಂದು ಕಂಡಿ. ಕೀಲಿಕೈ ತಿರುಗುತ್ತಾ ಒಂದೊಂದು ಪಟ್ಟಿಯನ್ನೂ ಅದಕ್ಕೆ ಬೇಕಾದಷ್ಟೇ ಎತ್ತುತ್ತದೆ. ಕಂಡಿಗಳೆಲ್ಲ ಒಂದೇ ಸಾಲಿಗೆ ಬಂದಾಗ ಬೋಲ್ಟಿನ ಮೇಲಿನ ಗೂಟ ಆ ದಾರಿಯಲ್ಲಿ ಜಾರುತ್ತದೆ, ಕೊಂಡಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಕಡಿಮೆ ಎತ್ತಿದರೂ ತೆಗೆಯುವುದಿಲ್ಲ, ಹೆಚ್ಚು ಎತ್ತಿದರೂ ತೆಗೆಯುವುದಿಲ್ಲ. ಹೆಚ್ಚು ಎತ್ತಿದರೂ ತಡೆಯುವ ಈ ಉಪಾಯವನ್ನು ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲೇ ಪೇಟೆಂಟ್ ಮಾಡಿಸಿದ್ದ. ಅಂದರೆ ನಮ್ಮ ಹಳ್ಳಿ ಮನೆಯ ಟ್ರಂಕಿನ ಕೀಲಿಗೆ ಎರಡೂವರೆ ಶತಮಾನದ ವಂಶಾವಳಿ ಇದೆ.

ಪಿನ್ ಕೀಲಿಯಲ್ಲಿ ಟೆನ್ಷನ್ ಟೂಲನ್ನು ಬಾಯಲ್ಲೇ ಸಿಕ್ಕಿಸಿ ತಿರುಗಿಸಬಹುದು. ಲಿವರ್ ಕೀಲಿಯಲ್ಲಿ ಹಾಗೆ ಆಗುವುದಿಲ್ಲ. ಟೂಲಿನ ತುದಿ ಒಳಗೆ ಹೋಗಿ ಬೋಲ್ಟನ್ನೇ ಮುಟ್ಟಿ ತಳ್ಳಬೇಕು. ಹಲವು ಕೀಲಿಗಳಲ್ಲಿ ಕಂಡಿಯ ನಡುವೆ ಒಂದು ಕಡ್ಡಿ ಬೇರೆ ನಿಂತಿರುತ್ತದೆ. ಕೊಳವೆಯಂಥ ಕೀಲಿಕೈ ಅದರ ಮೇಲೆ ಕೂರಲಿ ಎಂದು. ನಮ್ಮ ಟೂಲು ಆ ಕಡ್ಡಿಯನ್ನು ಬಳಸಿಕೊಂಡು ಹೋಗಬೇಕು, ಜೊತೆಗೆ ಪಿಕ್‌ಗೂ ಜಾಗ ಬಿಡಬೇಕು. ಇಂಥ ಕೀಲಿಗೆ ಟೂಲು ಕೊಳ್ಳಲು ಸಿಗುವುದು ಕಷ್ಟ. ಮಾಡಿಕೊಳ್ಳುವುದೇ ದಾರಿ.

ಚಾಚಾನ ನಾಲ್ಕು ಪ್ರಶ್ನೆ

ನನಗೆ ಇದರ ಅಕ್ಷರಾಭ್ಯಾಸ ಮಾಡಿಸಿದವರು ದುರ್ಗದಬೈಲ್ ಹತ್ತಿರ ದೊಡ್ಡ ಕೊಡೆಯ ಕೆಳಗೆ ಕೂತು ಕೀಲಿಕೈ ಮಾಡುವ ಚಾಚಾ. ನಾನು ವಿದ್ಯಾನಗರದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ ಎಂದಾಗ ಅವರು ನಕ್ಕು, ‘ಹಂಗಾರ ಅರ ಹಿಡಿಯಾಕ ಬರತೈತೇನ ಬೇಟಿ?’ ಎಂದು ಕೈಗೊಂದು ಅರ, ಹಿತ್ತಾಳೆಯ ತುಂಡು ಕೊಟ್ಟರು. ಹದಿನೈದು ದಿನ ಬರೀ ಉಜ್ಜಿದೆ.

ಯಾವ ಕೀಲಿ ಬಂದರೂ ಚಾಚಾ ಮೊದಲು ನಾಲ್ಕು ಸಂಗತಿ ನೋಡುತ್ತಾರೆ. ಎಲ್ಲಿ ಒತ್ತಬೇಕು? ಎಷ್ಟು ಆಳಕ್ಕೆ ಹೋಗಬೇಕು? ಎಷ್ಟು ಜಾಗ ಉಳಿಯುತ್ತದೆ? ಎಷ್ಟು ಗಟ್ಟಿ ಬೇಕು? ಮೊದಲ ಮೂರಕ್ಕೆ ಉತ್ತರ ಕೀಲಿಯ ಬಾಯಲ್ಲೇ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ, ಒಂದು ತೆಳು ತಂತಿ ಇಳಿಸಿ ಅಳೆದರೆ ಸಾಕು. ನಾಲ್ಕನೆಯದಕ್ಕೆ ಉತ್ತರ ನನ್ನ ಸಿಲೆಬಸ್ಸಿನಲ್ಲೇ ಇತ್ತು.

‘ಸ್ಟ್ರೆಂತ್ ಆಫ್ ಮಟೀರಿಯಲ್ಸ್’ ಓದಿದವರಿಗೆ ನೆನಪಿರಬಹುದು. ಚಪ್ಪಟೆ ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 1 ಮಿ.ಮೀ. ಪಟ್ಟಿಯ ಬದಲು 0.8 ಮಿ.ಮೀ. ಪಟ್ಟಿ ತಗೊಂಡರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಆದರೆ ಬಿಗಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ದುಂಡು ತಂತಿಯಾದರೆ ಇನ್ನೂ ಜೋರು, ಅಲ್ಲಿ ವ್ಯಾಸದ ನಾಲ್ಕನೇ ಘಾತ. 2 ಮಿ.ಮೀ. ಕಡ್ಡಿಯನ್ನು 1.6ಕ್ಕೆ ಉಜ್ಜಿದರೆ ಉಳಿಯುವುದು ಶೇಕಡಾ 41ರಷ್ಟು ಬಿಗಿ ಮಾತ್ರ. ಉದ್ದದ ಲೆಕ್ಕವೂ ಹೀಗೆಯೇ. ಒತ್ತುವ ಬಲ ಅಷ್ಟೇ ಇದ್ದು ತೋಳಿನ ಉದ್ದ ದುಪ್ಪಟ್ಟಾದರೆ ತುದಿ ಎಂಟು ಪಟ್ಟು ಬಾಗುತ್ತದೆ. ಪರೀಕ್ಷೆಗೆಂದು ಉರು ಹೊಡೆದ ಈ ಸೂತ್ರ ಬೆರಳಿಗೆ ತಿಳಿದದ್ದು ಚಾಚಾನ ಕೊಡೆಯ ಕೆಳಗೆ.

ಟೂಲು ತೀರಾ ಮೆತ್ತಗಿದ್ದರೆ ನೀವು ಒತ್ತಿದ್ದೆಲ್ಲ ಅದರ ಬಾಗುವಿಕೆಯಲ್ಲೇ ಕರಗುತ್ತದೆ. ಲಿವರ್ ಕೂತಾಗ ಆಗುವ ಸಣ್ಣ ‘ಟಿಕ್’ ಬೆರಳಿಗೆ ತಲುಪುವುದಿಲ್ಲ. ತೀರಾ ಗಟ್ಟಿಯಿದ್ದರೆ ಆ ಟಿಕ್ ಚೆನ್ನಾಗಿ ತಲುಪುತ್ತದೆ, ಆದರೆ ಕೈ ಸ್ವಲ್ಪ ಅಲುಗಿದರೂ ಒತ್ತಡ ಜಿಗಿಯುತ್ತದೆ. ಕೆಲವು ಕೀಲಿಗಳ ಒಳಗೆ ತಿರುಗುವುದಕ್ಕೆ ಅಡ್ಡವಾಗಿ ಸ್ಪ್ರಿಂಗ್ ಇರುತ್ತದೆ. ಅಲ್ಲಿ ಮೊದಲು ಸ್ಪ್ರಿಂಗ್ ಸೋಲಿಸಬೇಕು, ಆಮೇಲೆ ಮಿಕ್ಕ ಮಾತು. ಅಂಥದ್ದಕ್ಕೆ ಗಟ್ಟಿ ಟೂಲೇ ಬೇಕು.

ಗುಜರಿಯೇ ನಮ್ಮ ಶೋರೂಮ್

ಸಾಮಾನು ಎಲ್ಲಿಂದ? ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ಬಿಸಾಡುವ ಕಾರಿನ ವೈಪರ್ ಕೇಳಿ ತನ್ನಿ. ರಬ್ಬರಿನ ಎರಡೂ ಬದಿಗೆ ಉದ್ದಕ್ಕೆ ತೆಳು ಸ್ಟೀಲ್ ಪಟ್ಟಿಗಳಿರುತ್ತವೆ. ಪಿನ್ ಕೀಲಿಗೆ ಅದಕ್ಕಿಂತ ಒಳ್ಳೆಯದು ಬೇಡ. ಸಣ್ಣ ಪ್ಯಾಡ್‌ಲಾಕಿನ ಕಂಡಿ ಬಹಳ ಕಿರಿದು. ಅಂಥದ್ದರಲ್ಲಿ ಟೂಲನ್ನು ಕೆಳಗಿನ ಅಂಚಿಗೆ ಹಾಕಿದರೆ ಪಿಕ್‌ಗೆ ಜಾಗವೇ ಉಳಿಯುವುದಿಲ್ಲ. ಮೇಲಿನ ಅಂಚಿಗೆ ಗಿಡ್ಡ ತುದಿಯ ಪಟ್ಟಿ ಸಿಕ್ಕಿಸಿದರೆ ಕೆಳಗೆಲ್ಲ ಖಾಲಿ ಸಿಗುತ್ತದೆ.

ಲಿವರ್ ಕೀಲಿಗೆ ಸೈಕಲ್ ಸ್ಪೋಕ್ ಒಳ್ಳೆಯದು. ಸಾಮಾನ್ಯವಾಗಿ 2 ಮಿ.ಮೀ. ಇರುತ್ತದೆ, ಕಾಯಿಸದೆಯೇ ಬಾಗುತ್ತದೆ. ಹರಿದ ಕೊಡೆಯ ಕಡ್ಡಿ, ಹಳೆಯ ಎಲ್-ಕೀ, ಮುರಿದ ಹ್ಯಾಕ್ಸಾ ಬ್ಲೇಡ್ ಎಲ್ಲಕ್ಕೂ ಒಂದೊಂದು ಉಪಯೋಗ. ಹ್ಯಾಕ್ಸಾ ಬ್ಲೇಡನ್ನು ತಣ್ಣಗಿರುವಾಗ ಬಾಗಿಸಲು ಹೋದರೆ ಪಟಕ್ಕನೆ ಮುರಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಕಾರ್ಬನ್ ಸ್ಟೀಲಿನ ಬ್ಲೇಡನ್ನು ಕೆಂಪಗೆ ಕಾಯಿಸಿ ಬಾಗಿಸಬೇಕು. ಆಮೇಲೆ ಗಟ್ಟಿ ಮಾಡಲು ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಎಷ್ಟು ಕಾಯಿಸಬೇಕೆಂದು ತಿಳಿಯಲು ಆಯಸ್ಕಾಂತ ಸಾಕು. ಉಕ್ಕು ಅದಕ್ಕೆ ಅಂಟುವುದನ್ನು ಬಿಟ್ಟಿತೆಂದರೆ ಹದ ಹತ್ತಿರ ಬಂತು. ಅದ್ದಿದ ಮೇಲೆ ಗಾಜಿನಂತೆ ಪೆಡಸಾಗಿರುತ್ತದೆ. ಉಜ್ಜಿ ಹೊಳಪು ಮಾಡಿ ಮೆಲ್ಲಗೆ ಮತ್ತೆ ಕಾಯಿಸಿದರೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೀಲಿ ಬರುತ್ತದೆ. ನೀಲಿ ಕಂಡಾಗ ನಿಲ್ಲಿಸಿದರೆ ಸ್ಪ್ರಿಂಗಿನ ಗುಣ ಬಂದಿರುತ್ತದೆ. ನಮ್ಮ ಕಮ್ಮಾರರಿಗೆ ಇದೆಲ್ಲ ಥರ್ಮಾಮೀಟರ್ ಇಲ್ಲದೆಯೇ ಗೊತ್ತು.

ನನ್ನ ಹಟ ಹಿಡಿಸಿದ್ದು ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡ ಒಂದು ದಪ್ಪ ಹಿತ್ತಾಳೆ ಕೀಲಿ. ಆರು ಲಿವರ್, ನಡುವೆ ಕಡ್ಡಿ, ಕೀಲಿಕೈ ಇಲ್ಲ. ಅದಕ್ಕೆಂದು ಮೂರು ಟೂಲು ಮಾಡಿದೆ. ವೈಪರ್ ಪಟ್ಟಿ ಒಳಗೆ ಸಲೀಸಾಗಿ ಹೋಯಿತು, ಆದರೆ ಬೋಲ್ಟ್ ತಳ್ಳುವಷ್ಟು ಬಿಗಿ ಅದಕ್ಕಿರಲಿಲ್ಲ. ಎಲ್-ಕೀ ತಳ್ಳಿತು, ಆದರೆ ಬಾಯಿ ತುಂಬಿಕೊಂಡು ಪಿಕ್‌ಗೆ ದಾರಿ ಕೊಡಲಿಲ್ಲ. ಮೂರನೆಯದು ಸ್ಪೋಕ್. ತುದಿಯನ್ನು ಲಂಬವಾಗಿ ಬಾಗಿಸಿ, ಬೋಲ್ಟಿನ ಕಚ್ಚಿಗೆ ಕೂರುವಂತೆ ಪಾದವನ್ನು ಚಪ್ಪಟೆ ಉಜ್ಜಿದೆ. ಕಂಡಿಯಲ್ಲಿ ಅಡ್ಡ ಬರುವ ಭಾಗವನ್ನಷ್ಟೇ ತೆಳ್ಳಗೆ ಮಾಡಿ, ಹೊರಗಿನ ಹಿಡಿಕೆಯನ್ನು ಹಾಗೇ ದಪ್ಪ ಬಿಟ್ಟೆ. ಬೇಕಾದ ಕಡೆ ಮಾತ್ರ ತೆಳು, ಉಳಿದ ಕಡೆ ಗಟ್ಟಿ. ಇದೇ ಇಡೀ ವಿದ್ಯೆಯ ಗುಟ್ಟು ಎಂದು ನನಗನ್ನಿಸುತ್ತದೆ.

ನಾಲ್ಕು ಭಾನುವಾರ ಹಿಡಿಯಿತು. ಹಲ್ಲು ಕಚ್ಚಿ ಒತ್ತುತ್ತಿದ್ದ ನನ್ನನ್ನು ನೋಡಿ ಚಾಚಾ, ‘ಸಿಟ್ಟಿಲೆ ಹಿಡದ್ರ ಕೀಲಿಗೂ ಸಿಟ್ಟ ಬರತೈತಿ ಬೇಟಿ. ಮೊಲದ ಮರಿ ಹಿಡದಂಗ ಹಿಡಿ’ ಎಂದರು. ಬಿಟ್ಟರೆ ಓಡಬಾರದು, ಹಿಚುಕಿದರೆ ಸಾಯಬಾರದು. ನಾಲ್ಕನೇ ಭಾನುವಾರ ಸಂಜೆ ಆರು ಟಿಕ್ ಮುಗಿದ ಮೇಲೆ ಸ್ಪೋಕ್ ತಾನಾಗಿಯೇ ಜಾರಿತು. ಕೊಂಡಿ ಬಿಚ್ಚಿದ ಸದ್ದು ಬಹಳ ಸಣ್ಣದು. ನಾನು ಕೂಗಿದ್ದು ಮಾತ್ರ ಇಡೀ ಬೈಲಿಗೆ ಕೇಳಿಸಿತ್ತು.

ವಿಚಿತ್ರ ಕೀಲಿಗಳ ವಿಚಿತ್ರ ಬೇಡಿಕೆ

ಎಲ್ಲ ಕೀಲಿಗೂ ತಿರುಗಿಸುವ ಟೆನ್ಷನ್ ಬೇಕೆಂದೇನಿಲ್ಲ. ಹಳೆಯ ವಾಡೆಗಳಲ್ಲಿ ಸ್ಕ್ರೂ ಕೀಲಿ ನೋಡಿರಬಹುದು. ಕೀಲಿಕೈಗೆ ಥ್ರೆಡ್ ಇರುತ್ತದೆ, ತಿರುಗಿಸುತ್ತಾ ಹೋದಂತೆ ಒಳಗಿನ ತುಂಡನ್ನು ಎಳೆದು ಸ್ಪ್ರಿಂಗ್ ಸೋಲಿಸುತ್ತದೆ. ಇಲ್ಲಿ ಬೇಕಾದ್ದು ಹೊಂದುವ ಥ್ರೆಡ್ ಮತ್ತು ಎಳೆತ. ಇನ್ನೊಂದು ಇನ್ನೂ ಹಳೆಯ ಜಾತಿ. ಅದರೊಳಗೆ ಬಾಣದ ಗರಿಯಂತೆ ಬಿಚ್ಚಿಕೊಂಡ ಸ್ಪ್ರಿಂಗ್ ಪಟ್ಟಿಗಳಿರುತ್ತವೆ. ಕೀಲಿಕೈ ಅವನ್ನು ಒತ್ತಿ ಮುಚ್ಚುತ್ತಾ ಸರಿಯುತ್ತದೆ. ಅಲ್ಲಿ ಎರಡು ಬದಿಯಿಂದ ಎರಡು ಪಟ್ಟಿ ಇಳಿಸಿ ಹಿಚುಕಬೇಕು, ತಿರುಗಿಸುವ ಮಾತೇ ಇಲ್ಲ. ಫಿನ್ಲೆಂಡಿನ ಎಮಿಲ್ ಹೆನ್ರಿಕ್‌ಸನ್ 1907ರಲ್ಲಿ ಕಂಡುಹಿಡಿದ ಡಿಸ್ಕ್ ಕೀಲಿಯಲ್ಲಿ ಎತ್ತುವ ತುಂಡುಗಳೇ ಇಲ್ಲ, ತಿರುಗುವ ಬಿಲ್ಲೆಗಳಿವೆ. ಅದರ ಟೂಲು ಕೊಳವೆಯೊಳಗೊಂದು ಕಡ್ಡಿ. ಒಂದು ಯಾವುದೋ ಬಿಲ್ಲೆಯನ್ನು ಹಿಡಿದು ಒತ್ತುತ್ತಿದ್ದರೆ ಇನ್ನೊಂದು ಉಳಿದವನ್ನು ಒಂದೊಂದಾಗಿ ತಿರುಗಿಸುತ್ತದೆ. ನಾನಿನ್ನೂ ಅದನ್ನು ಲೇತಿನಲ್ಲಿ ಮಾಡುತ್ತಿದ್ದೇನೆ, ಮುಗಿದಿಲ್ಲ.

ಟೆನ್ಷನ್ ಟೂಲಿಗಾಗಿ ದೊಡ್ಡ ಜಗಳವೇ ನಡೆದದ್ದುಂಟು. ಲಂಡನ್ನಿನ ಪಿಕಡಿಲಿಯಲ್ಲಿ ಬ್ರಾಮಾ ಕಂಪನಿ ತನ್ನ ಕೀಲಿಯನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ತೆಗೆದವರಿಗೆ 200 ಗಿನಿ ಬಹುಮಾನ ಎಂದು ಸಾರಿತ್ತು. ದಶಕಗಟ್ಟಲೆ ಯಾರಿಗೂ ಆಗಲಿಲ್ಲ. 1851ರ ಮಹಾ ವಸ್ತುಪ್ರದರ್ಶನಕ್ಕೆ ಬಂದ ಅಮೆರಿಕದ ಎ.ಸಿ. ಹಾಬ್ಸ್ ಮೊದಲು ಚಬ್ ಕಂಪನಿಯ ಪ್ರಸಿದ್ಧ ಲಿವರ್ ಕೀಲಿಯನ್ನು ಸುಮಾರು 25 ನಿಮಿಷದಲ್ಲಿ ತೆಗೆದ. ನಂತರ ಬ್ರಾಮಾ ಕೀಲಿಗೆ ಕೂತು 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಅದನ್ನೂ ತೆಗೆದ. ಒಳಗಿನ ಸ್ಪ್ರಿಂಗನ್ನು ಸತತವಾಗಿ ಒತ್ತಿ ಹಿಡಿಯಲು ಅವನು ಕೀಲಿಯ ಮರದ ಚೌಕಟ್ಟಿಗೇ ಒಂದು ಸಾಧನ ಕೂರಿಸಿದ್ದ. ಕಂಪನಿ ಅದಕ್ಕೇ ತಕರಾರು ತೆಗೆಯಿತು. ಆದರೂ ತೀರ್ಪುಗಾರರು ಬಹುಮಾನ ಕೊಡಿಸಿದರು. ನೋಡಿ, ಅಲ್ಲೂ ಪ್ರಶ್ನೆ ಬಂದದ್ದು ಹಿಡಿದು ನಿಂತ ಕೈಯ ಮೇಲೆಯೇ.

‘ಮನಿ ನಿಮ್ದರಿ, ಕೀಲಿ ಆಕಿದು’

ಅಣ್ಣಿಗೇರಿಯಲ್ಲಿರುವ ಅವ್ವನಿಗೆ ನನ್ನ ಹವ್ಯಾಸ ಗೊತ್ತಾದಾಗ, ‘ಕಳ್ಳರ ವಿದ್ಯಾ ಕಲ್ಯಾಕ ಫೀ ಕಟ್ಟೇವೇನ ನಿನಗ?’ ಎಂದಿದ್ದಳು. ಆಗ ನಕ್ಕು ಬಿಟ್ಟೆ. ಆದರೆ ಪ್ರಶ್ನೆ ಒಂದು ದಿನ ಮೆಟ್ಟಿಲು ಹತ್ತಿ ರೂಮಿಗೇ ಬಂತು.

ವಿದ್ಯಾನಗರದಲ್ಲಿ ಓಣಿಗೊಂದು ಕಾಲೇಜು, ಮನೆಗೆರಡು ಬಾಡಿಗೆ ರೂಮು. ನಾನಿರುವ ಮನೆಯ ಮೇಲಿನ ರೂಮಿನ ಹುಡುಗಿ ಊರಿಗೆ ಹೋದವಳು ತಿಂಗಳಾದರೂ ಬಂದಿರಲಿಲ್ಲ. ಫೋನೂ ಹತ್ತುತ್ತಿರಲಿಲ್ಲ. ಮನೆ ಮಾಲೀಕರು ಬಂದು, ‘ಏನವಾ, ನೀ ಕೀಲಿ ತಗೀತಿಯಂತಲ್ಲ, ಮ್ಯಾಲಿನ ರೂಮಿಂದ ತಗದು ಕೊಡು. ಎರಡ ತಿಂಗಳ ಬಾಡಿಗಿ ಬಾಕಿ ಐತಿ, ಸಾಮಾನ ತಗದು ಬ್ಯಾರೇದವರಿಗೆ ಕೊಡಬೇಕು’ ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಪರದಾಟವಿತ್ತು. ಮೇಲಿನ ಕೀಲಿಯೂ ನನಗೆ ಗೊತ್ತಿದ್ದ ಜಾತಿಯದೇ.

‘ಆಗಂಗಿಲ್ಲರಿ ಅಂಕಲ್’ ಎಂದೆ.

‘ಮನಿ ನಂದಲ್ಲೇನ?’

‘ಮನಿ ನಿಮ್ದರಿ. ಕೀಲಿ ಆಕಿದು.’

ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ. ನನ್ನ ಡೆಪಾಸಿಟ್ಟೂ ಅವರ ಕೈಯಲ್ಲೇ ಇತ್ತು. ಆದರೆ ಚಾಚಾ ನನಗೆ ಅರ ಹಿಡಿಯುವ ಮುಂಚೆ ಹೇಳಿಕೊಟ್ಟದ್ದು ಇದನ್ನೇ. ಅವರ ಬಳಿ ಒಂದು ಹಳೆಯ ನೋಟ್‌ಬುಕ್ ಇದೆ. ಮನೆಗೆ ಕರೆದವರ ಹೆಸರು, ವಿಳಾಸ ಬರೆಸಿಕೊಳ್ಳದೆ, ಅಕ್ಕಪಕ್ಕದವರೊಬ್ಬರು ಬಂದು ಹೌದು ಎನ್ನದೆ ಅವರು ಕೀಲಿ ಮುಟ್ಟುವುದಿಲ್ಲ. ‘ಕೀಲಿ ಒಡಿಯಾಕ ಯಾರಿಗಾದ್ರೂ ಬರತೈತಿ. ಯಾರ್ದು ಅಂತ ಕೇಳಾಂವಗ ಅಷ್ಟ ತಗಿಯೋ ಹಕ್ಕ’ ಎನ್ನುತ್ತಾರೆ.

ಕಾನೂನಿನ ಮಾತೂ ಇದೇ. ಪರರ ಮನೆಯನ್ನು ಅತಿಕ್ರಮಿಸಲು ಬೀಗ ತೆಗೆದರೆ, ಬೀಗಕ್ಕೆ ಒಂದು ಗೀರೂ ಬೀಳದಿದ್ದರೂ ಅದು ‘ಮನೆ ಒಡೆಯುವುದು’ ಎಂದೇ ಲೆಕ್ಕ. ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ರಾತ್ರಿ ಹೊತ್ತು ಸರಿಯಾದ ಕಾರಣವಿಲ್ಲದೆ ಮನೆ ಒಡೆಯುವ ಸಾಧನ ಇಟ್ಟುಕೊಂಡು ಸಿಕ್ಕಿಬಿದ್ದರೂ ತಪ್ಪೇ. ಹಾಗಾಗಿ ನನ್ನ ಟೂಲುಗಳು ರೂಮಿನ ಡಬ್ಬಿ ಬಿಟ್ಟು ಹೊರಗೆ ಹೋಗುವುದಿಲ್ಲ, ಚಾಚಾನ ಬಳಿಗೆ ಹೋಗುವ ಹಗಲು ಹೊತ್ತನ್ನು ಬಿಟ್ಟು. ಈ ಹವ್ಯಾಸದವರು ಜಗತ್ತಿನೆಲ್ಲೆಡೆ ಪಾಲಿಸುವ ನಿಯಮವೂ ಎರಡೇ. ನಿಮ್ಮದಲ್ಲದ ಕೀಲಿ ಮುಟ್ಟಬೇಡಿ. ಬಳಕೆಯಲ್ಲಿರುವ ಕೀಲಿ ನಿಮ್ಮದೇ ಆದರೂ ಮುಟ್ಟಬೇಡಿ, ಕೆಟ್ಟರೆ ಹೊರಗೇ ನಿಲ್ಲಬೇಕಾಗುತ್ತದೆ!

ಮಾಲೀಕರು ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ವಾರ ಆ ಹುಡುಗಿ ಬಂದಳು. ತಂದೆಗೆ ಆಪರೇಷನ್ ಆಗಿತ್ತಂತೆ. ಅರ್ಧ ಬಾಡಿಗೆ ಕೊಟ್ಟು, ಅರ್ಧಕ್ಕೆ ಟೈಮ್ ಕೇಳಿ, ತನ್ನ ಕೀಲಿಕೈಯಿಂದ ತನ್ನ ಬಾಗಿಲು ತೆಗೆದು ಒಳಗೆ ಹೋದಳು. ನಡುವೆ ಏನು ನಡೆಯಿತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಕೈಗೆ ವಿದ್ಯೆ ಬಂದಮೇಲೆ ಅದನ್ನು ಎಲ್ಲಿ ಬಳಸಬಾರದೆಂದು ತಿಳಿಯುವುದೂ ಆ ವಿದ್ಯೆಯದೇ ಭಾಗ. ಇದನ್ನು ಕಲಿಯಲು ಈ ಕಾಲದಲ್ಲಿ ಕೊಡೆಯ ಕೆಳಗೆ ಕೂತವರಂಥ ಮೇಷ್ಟ್ರು ಇನ್ನೆಲ್ಲಿ ಸಿಗುತ್ತಾರೆ? ಈಗ ಬೆರಳೊತ್ತಿದರೆ ತೆಗೆಯುವ, ಮೊಬೈಲ್ ತೋರಿಸಿದರೆ ತೆಗೆಯುವ ಕೀಲಿಗಳು ಬಂದಿವೆ. ಚಾಚಾನ ಬಳಿ ದಿನಕ್ಕೆ ಬರುವ ಗಿರಾಕಿಗಳು ಕಡಿಮೆಯಾಗುತ್ತಿದ್ದಾರೆ. ಅವರ ಮಗ ಬೇರೆ ಕೆಲಸ ಹಿಡಿದಿದ್ದಾನೆ.

ನಿಮ್ಮ ಅಟ್ಟದ ಮೇಲೂ ಕೀಲಿಕೈ ಕಳೆದುಕೊಂಡ ಹಳೆಯ ಕೀಲಿಯೊಂದು ಬಿದ್ದಿರಬಹುದು. ಅದನ್ನು ಗುಜರಿಗೆ ಹಾಕುವ ಮುಂಚೆ, ಗ್ರೈಂಡರ್ ಹಿಡಿಯುವ ಮುಂಚೆ, ನಿಮ್ಮೂರ ಪೇಟೆಯಲ್ಲಿ ಕೊಡೆಯ ಕೆಳಗೆ ಕೂತವರ ಹತ್ತಿರ ಒಯ್ದು ನೋಡಿ. ಅವರು ಮೊದಲು ‘ಯಾರ್ದು ಇದು?’ ಎಂದು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಒಳ್ಳೆಯ ಕೈಗೇ ಸಿಕ್ಕಿದೆ ಎಂದುಕೊಳ್ಳಿ. ಆಮೇಲೆ ಅವರ ಬಲಗೈ ಬಿಟ್ಟು ಎಡಗೈ ನೋಡುತ್ತಾ ಕೂತುಕೊಳ್ಳಿ.